ಗುಗ್ಗುಲು ಗುಗ್ಗಳವಾದದ್ದು

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಕಡೆ ನೆಲೆಸಿರುವ ಉತ್ತರ ಕರ್ನಾಟಕದ ಲಿಂಗಾಯತರ ಮನೆಗಳಲ್ಲಿ ಮದುವೆಯ ಮಾತುಕತೆ ನಡೆಯುವಾಗ ಒಂದು ಮಾತು ಬರುವುದುಂಟು: ‘ನಮ್ಮಲ್ಲಿ ಗುಗ್ಗಳ ಅದ.’ ಮನೆದೇವರು ವೀರಭದ್ರನಾದರೆ ಬೆಂಕಿಯ ಕೊಡ ಹೊತ್ತು ಮೆರವಣಿಗೆ ಹೊರಡಬೇಕು. ಕಾಸೆ ಕಟ್ಟಿದ ಪುರವಂತರು ದಕ್ಷಯಜ್ಞದ ಕಥೆಯನ್ನು ಒಡಪಿನಲ್ಲಿ ಹೇಳಬೇಕು, ಹರಕೆ ಹೊತ್ತವರು ಶಸ್ತ್ರ ಹಾಕಿಸಿಕೊಳ್ಳಬೇಕು. ಆ ಕೊಡವೂ ಗುಗ್ಗಳ, ಆ ಮೆರವಣಿಗೆಯೂ ಗುಗ್ಗಳ, ಆ ದಿನದ ಊಟದ ಕರೆಯೂ ಗುಗ್ಗಳದ್ದೇ. ಇಷ್ಟನ್ನೆಲ್ಲ ಹೊತ್ತಿರುವ ಹೆಸರು ಮೂಲದಲ್ಲಿ ಒಣನೆಲದ ಒಂದು ಮುಳ್ಳುಗಿಡದ ಅಂಟಿನದು.

ಅಥರ್ವವೇದದ 19ನೇ ಕಾಂಡದಲ್ಲಿ ಈ ಅಂಟನ್ನು ಕುರಿತೇ ಒಂದು ಪುಟ್ಟ ಸೂಕ್ತವಿದೆ. ಗುಗ್ಗುಲುವಿನ ಪರಿಮಳ ಹೋದಲ್ಲಿ ರೋಗ ನಿಲ್ಲುವುದಿಲ್ಲವೆಂಬ ನಂಬಿಕೆ ಅಲ್ಲಿಯದು. ಸಿಂಧುವಿನ ಕಡೆಯದು, ಸಮುದ್ರದ ಕಡೆಯದು ಎಂದು ಎರಡು ಬಗೆಯನ್ನೂ ಅದು ಹೆಸರಿಸುತ್ತದೆ. ದೂರದಿಂದ ಬರುತ್ತಿದ್ದ ಸರಕು ಇದು ಎಂದು ನನಗೆ ಅನ್ನಿಸುವುದು ಅದರಿಂದಲೇ. ಹಳೆಯ ರೂಪ ‘ಗುಲ್ಗುಲು’. ಮೊದಲ ಲಕಾರ ಕರಗಿ ಗಕಾರಕ್ಕೆ ಒತ್ತು ಬಿದ್ದು ‘ಗುಗ್ಗುಲು’ ಆಯಿತು. ಕನ್ನಡದ ನಾಲಿಗೆ ಲಕಾರವನ್ನು ಳಕಾರ ಮಾಡಿ, ಕೊನೆಗೆ ನಮ್ಮ ಅಕಾರ ಕೊಟ್ಟು ‘ಗುಗ್ಗುಳ’ ಎಂದಿತು. ಆಡುಮಾತು ನಡುವಿನ ಉಕಾರವನ್ನೂ ಸಡಿಲಿಸಿತು.

ಇಲ್ಲಿಂದ ಪದ ಎರಡಾಗಿ ಒಡೆಯುತ್ತದೆ. ರಾಜಾಜಿನಗರದ ಆಯುರ್ವೇದದ ಅಂಗಡಿಯಲ್ಲಿ ಮಂಡಿನೋವಿಗೆ ಕೇಳುವ ಗುಳಿಗೆ ಯೋಗರಾಜ ಗುಗ್ಗುಲು. ಅದನ್ನು ಗುಗ್ಗಳ ಎಂದವರಿಲ್ಲ. ವೀರಭದ್ರನ ಮುಂದೆ ಗುಗ್ಗುಲು ಹೊತ್ತವರೂ ಇಲ್ಲ. ಔಷಧ ಸಂಸ್ಕೃತದ ಉಚ್ಚಾರವನ್ನು ಉಳಿಸಿಕೊಂಡಿತು, ಹೊಗೆ ಕನ್ನಡದ್ದಾಯಿತು. ಇವತ್ತು ಕೊಡದ ಬೆಂಕಿಗೆ ಬೀಳುವುದು ಲೋಬಾನವಿರಲಿ, ಕರ್ಪೂರವಿರಲಿ, ಅದು ಗುಗ್ಗಳವೇ. ಪದಾರ್ಥದ ಹೆಸರು ಕ್ರಿಯೆಯ ಹೆಸರಾದ ಮೇಲೆ ಪದಾರ್ಥವಿಲ್ಲದೆಯೂ ಬದುಕುತ್ತದೆ.

ತಮಿಳಿನಲ್ಲಿ ಇದರ ಬಂಧು ‘ಕುಂಗಿಲಿಯಂ’. ಅರವತ್ತುಮೂವರು ಪುರಾತನರಲ್ಲಿ ಒಬ್ಬರಾದ ಕುಂಗಿಲಿಯ ಕಲಯ ನಾಯನಾರರ ಹೆಸರಿನಲ್ಲೇ ಆ ಧೂಪವಿದೆ. ಬಡತನದಲ್ಲಿ ಅಕ್ಕಿಗೆಂದು ಹೆಂಡತಿ ಕೊಟ್ಟ ತಾಳಿಯನ್ನು ಮಾರಿ ಶಿವನಿಗೆ ಧೂಪ ತಂದ ಅವರ ಕಥೆಯನ್ನು 12ನೇ ಶತಮಾನದ ಪೆರಿಯ ಪುರಾಣ ಹೇಳುತ್ತದೆ.

ಮಲೆನಾಡಿನಲ್ಲಿ ಗುಗ್ಗುಳದ ಹೆಸರು ಬೇರೊಂದು ಮರವನ್ನೇ ಏರಿತು. ಪಶ್ಚಿಮಘಟ್ಟದ ಎತ್ತರದ ಮರವೊಂದಕ್ಕೆ ನಮ್ಮವರು ಗುಗ್ಗುಳಧೂಪ ಎಂದರು. ಸಸ್ಯಶಾಸ್ತ್ರದಲ್ಲಿ ಅದು ಐಲಾಂತಸ್ ಟ್ರೈಫೈಸಾ. ಗುಗ್ಗುಲುವಿಗೂ ಅದಕ್ಕೂ ಗಿಡದ ಸಂಬಂಧವಿಲ್ಲ, ಸಂಬಂಧವೆಲ್ಲ ಹೊಗೆಯದು. ಅದರ ಕಾಂಡದಿಂದ ಒಸರುವ ಅಂಟು ಹಾಲುಮಡ್ಡಿ, ಬೆಂಗಳೂರು-ಮೈಸೂರಿನ ಮಸಾಲೆ ಊದುಬತ್ತಿಗಳ ಜೀವಾಳ. ಗಾಳಿಯ ತೇವವನ್ನು ಹೀರಿ ಕಡ್ಡಿಯನ್ನು ಮೆದುವಾಗಿಡುವುದು ಅದರ ಗುಣ. ನಾಗಚಂಪಾ ಕಡ್ಡಿಗಳ ಜೊತೆ ಈ ಕನ್ನಡ ಪದ ಯುರೋಪ್, ಅಮೆರಿಕದ ಅಂಗಡಿಗಳನ್ನೂ ಮುಟ್ಟಿದೆ. ಅಲ್ಲಿನ ಧೂಪಪ್ರಿಯರು ‘ಹಾಲ್ಮಡ್ಡಿ’ ಎಂದೇ ಅನ್ನುತ್ತಾರೆ. ಹಾಲಿನಂಥ ಮಡ್ಡಿ ಎಂದು ಮೊದಲು ಕರೆದ ಕಾಡಿನ ಜನಕ್ಕೆ ಸಲ್ಲಬೇಕಾದ ಮಾನ ಇದು.

ಮೂಲದ ಗುಗ್ಗುಲು ಗಿಡದ ಸ್ಥಿತಿ ಮಾತ್ರ ನೋವಿನದು. ರಾಜಸ್ಥಾನ, ಗುಜರಾತಿನ ಒಣಗಾಡುಗಳಲ್ಲಿ ಹೆಚ್ಚು ಅಂಟಿನಾಸೆಗೆ ಆಳವಾಗಿ ಕಚ್ಚು ಹಾಕಿದರೆ ಗಿಡವೇ ಒಣಗುತ್ತದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಈಗ ತೀರಾ ಅಳಿವಿನಂಚಿನ ಸಸ್ಯ. ಗ್ರಂದಿಗೆ ಅಂಗಡಿಯಲ್ಲಿ ಮದುವೆಯ ಪಟ್ಟಿ ಹಿಡಿದು ನಿಂತವರು ಲೋಬಾನವನ್ನೇ ಒಯ್ದರೂ ಗುಗ್ಗಳಕ್ಕೆ ಕುಂದಿಲ್ಲ. ಮನೆಯ ಧೂಪಕ್ಕೂ ಅದೇ ಸಾಕು. ಸಿಗುವ ಗುಗ್ಗುಲು ಔಷಧಕ್ಕಿರಲಿ.