ತಿದ್ದುಪಡಿಯ ವೇಗ, ವದಂತಿಯ ಆಯುಷ್ಯ: ಕೋವಿಡ್ ಕಾಲದ ವಿಜ್ಞಾನಿಗಳು ಮತ್ತು ಸಾಮಾಜಿಕ ಜಾಲತಾಣ

ಸಾಂಕ್ರಾಮಿಕದ ಹೊತ್ತಿನಲ್ಲಿ ವಿಜ್ಞಾನಿಗಳು ಸಾಮಾಜಿಕ ಜಾಲತಾಣಗಳಲ್ಲಿ ಮಾತನಾಡಬೇಕು ಎನ್ನುವವರು ಮೊದಲು ಮುಂದಿಡುವ ಕಾರಣ ವೇಗ. ಅದಕ್ಕೆ ಆಧಾರವೂ ಇದೆ. ಶಾಂಘೈನ ಝಾಂಗ್ ಯೊಂಗ್‌ಝೆನ್ ತಂಡ ಗುರುತಿಸಿದ ಕೊರೊನಾ ವೈರಸ್ಸಿನ ಜೀನೋಮನ್ನು 2020ರ ಜನವರಿ 11ರಂದು ವೈರಾಣು ವಿಜ್ಞಾನಿ ಎಡ್ವರ್ಡ್ ಹೋಮ್ಸ್ ಅಂತರಜಾಲದಲ್ಲಿ ಪ್ರಕಟಿಸಿ, ಸುದ್ದಿಯನ್ನು ಟ್ವಿಟರಿನಲ್ಲಿ ಹಂಚಿದರು. ಸುಮಾರು 30,000 ಅಕ್ಷರಗಳ ಆ ಅನುಕ್ರಮದಿಂದ ಪರೀಕ್ಷಾ ವಿಧಾನ ಹಾಗೂ ಲಸಿಕೆಗಳ ಕೆಲಸ ಶುರುವಾಯಿತು. ಆದರೆ ತಪ್ಪು ಮಾಹಿತಿಯನ್ನು ಹತ್ತಿಕ್ಕಲು ಇದೇ ವೇಗ ಸಾಕೇ ಎಂಬುದು ಇಲ್ಲಿನ ಪ್ರಶ್ನೆ.

ಅದೇ ಜನವರಿ 31ರಂದು ದೆಹಲಿಯ ಸಂಶೋಧಕರ ಪ್ರಬಂಧವೊಂದು ಪೂರ್ವಮುದ್ರಣಗಳ ಜಾಲತಾಣವಾದ ಬಯೋಆರ್ಕೈವ್‌ನಲ್ಲಿ ಪರಿಶೀಲನೆಗೆ ಮುನ್ನವೇ ಕಾಣಿಸಿಕೊಂಡಿತು. ವೈರಸ್ಸಿನ ಸ್ಪೈಕ್ ಪ್ರೋಟೀನಿನ ನಾಲ್ಕು ತುಣುಕುಗಳು ಎಚ್‌ಐವಿಯ ಪ್ರೋಟೀನುಗಳನ್ನು ಹೋಲುತ್ತವೆ, ಇದು ಆಕಸ್ಮಿಕವಿರಲಾರದು ಎಂಬುದು ಅದರ ವಾದ. ವೈರಸ್ಸನ್ನು ಪ್ರಯೋಗಾಲಯದಲ್ಲಿ ಹೆಣೆದದ್ದು ಎಂಬ ಗುಸುಗುಸುಗೆ ಇಷ್ಟು ಸಾಕಾಯಿತು. ಜೀವವಿಜ್ಞಾನಿಗಳು ಕೂಡಲೇ ಟ್ವಿಟರಿನಲ್ಲಿ ಉತ್ತರಿಸಿದರು. ಕೆಲವೇ ಅಮೈನೋ ಆಮ್ಲಗಳಷ್ಟು ಪುಟ್ಟ ತುಣುಕುಗಳನ್ನು ದತ್ತಸಂಚಯದಲ್ಲಿ ಹುಡುಕಿದರೆ ಎಷ್ಟೋ ಬೇರೆ ಜೀವಿಗಳಲ್ಲೂ ಸಿಗುತ್ತವೆ. ಅವುಗಳಲ್ಲಿ ಕೆಲವು ಬಾವಲಿಯ ಸಂಬಂಧಿ ವೈರಸ್ಸಿನಲ್ಲೂ ಇವೆ. ಅನುಕ್ರಮಗಳು ಮುಕ್ತವಾಗಿದ್ದುದರಿಂದ ಬಲ್ಲವರು ಯಾರೇ ಆದರೂ ಇದನ್ನು ಮಾಡಿ ನೋಡಬಹುದಿತ್ತು. ಫೆಬ್ರವರಿ 2ರಂದು ಲೇಖಕರೇ ಪ್ರಬಂಧವನ್ನು ಹಿಂಪಡೆದರು.

ಪ್ರಬಂಧ ಹೋದರೂ ವಾದ ಉಳಿಯಿತು. ಏಪ್ರಿಲ್‌ನಲ್ಲಿ ಲ್ಯುಕ್ ಮೊಂಟಾನಿಯೆ ಫ್ರೆಂಚ್ ದೂರದರ್ಶನ ವಾಹಿನಿಯಲ್ಲಿ ಅದನ್ನೇ ಮತ್ತೆ ಎತ್ತಿದರು. ಎಚ್‌ಐವಿಯ ಪತ್ತೆಗಾಗಿ 2008ರ ನೊಬೆಲ್ ಹಂಚಿಕೊಂಡವರ ಮಾತೆಂಬ ತೂಕ ಅದಕ್ಕೆ ಸೇರಿತು. ಎರಡೇ ದಿನಗಳ ಸಾರ್ವಜನಿಕ ಪರಿಶೀಲನೆ ಮುಟ್ಟಿದ್ದು ಹೆಚ್ಚಾಗಿ ಅನುಕ್ರಮ ಓದಬಲ್ಲ ಇಂಗ್ಲಿಷ್ ವಲಯವನ್ನು. ವದಂತಿಗೆ ಅಂಥ ಗಡಿಯಿರಲಿಲ್ಲ.

ಭಾರತದಲ್ಲಿ ಈ ಅಂತರ ಇನ್ನೂ ದೊಡ್ಡದು. ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಚಪ್ಪಾಳೆಯ ಕಂಪನಕ್ಕೆ ವೈರಸ್ ಸಾಯುತ್ತದೆಂಬ ಸಂದೇಶ ಓಡಾಡಿದ್ದು ಮನೆಮಂದಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಹೊರಗಿನ ವಿಜ್ಞಾನಿಯ ಕಣ್ಣಿಗೆ ಬೀಳದ ಕಡೆ. ಆ ತಿಂಗಳು ಸ್ವಯಂಪ್ರೇರಣೆಯಿಂದ ಒಗ್ಗೂಡಿದ ‘ಇಂಡಿಯನ್ ಸೈಂಟಿಸ್ಟ್ಸ್ ರೆಸ್ಪಾನ್ಸ್ ಟು ಕೋವಿಡ್-19’ ಬಳಗ ಇಂಥವನ್ನು ಒಂದೊಂದಾಗಿ ಎತ್ತಿಕೊಂಡು, ಹಲವು ಭಾರತೀಯ ಭಾಷೆಗಳಲ್ಲಿ ಫಾರ್ವರ್ಡ್ ಮಾಡಬಲ್ಲ ಚಿತ್ರಪಟಗಳನ್ನು ಹೊರತಂದಿತು. ವದಂತಿಯ ದಾರಿಯಲ್ಲೇ ಉತ್ತರವನ್ನೂ ಕಳಿಸುವ ಪ್ರಯತ್ನವಿದು.

ಆದ್ದರಿಂದ ಪ್ರಬಂಧವನ್ನು ತಿದ್ದುವುದು, ವದಂತಿಯನ್ನು ಎದುರಿಸುವುದು ಎರಡು ಬೇರೆ ಕೆಲಸಗಳು. ಮೊದಲನೆಯದಕ್ಕೆ ಮುಕ್ತ ದತ್ತಾಂಶ ಮತ್ತು ಸಹವಿಜ್ಞಾನಿಗಳು ಸಾಕು. ಎರಡನೆಯದಕ್ಕೆ ಜನಭಾಷೆಯಲ್ಲಿ ಬರೆಯಬಲ್ಲವರು, ಗುಂಪಿನೊಳಗೆ ನಂಬಿಕೆ ಗಳಿಸಿದ ವೈದ್ಯರು, ಆಶಾ ಕಾರ್ಯಕರ್ತೆಯರು ಬೇಕು. ಇಂಥವರ ಜಾಲವನ್ನು ಸೋಂಕು ಬಂದ ಮೇಲೆ ದಿಢೀರನೆ ಕಟ್ಟಲಾಗದು. ವಿಜ್ಞಾನ ಸಂಸ್ಥೆಗಳು ಅದನ್ನು ಕಟ್ಟುವುದನ್ನು ತಮ್ಮ ನಿತ್ಯದ ಕೆಲಸವೆಂದು ಎಣಿಸಬೇಕು.