ಪಟ ಬರೆಸಿದವರು ಯಾರು: ಹೈದರಾಬಾದ್ ಸೀಮೆಯ ಚಿತ್ರಗಳಲ್ಲಿ ದುಡಿಯುವ ಜನ

ಆಸಫ್‌ಜಾಹಿ ದರ್ಬಾರಿನ ಚಿತ್ರಗಳಲ್ಲಿ ನಿಜಾಮರೂ ಅಮೀರರೂ ದಿಂಬಿಗೊರಗಿ ಕೂತಿರುತ್ತಾರೆ. ಅವರ ಹಿಂದೆ ಚವರಿ ಬೀಸುವ ಆಳು ನಿಂತಿರುತ್ತಾನೆ. ಒಡೆಯನ ಹೆಸರು ಉಳಿದಿದೆ, ಆಳಿನದು ಉಳಿದಿಲ್ಲ. ದುಡಿಯುವವರು ಹೀಗೆ ಅಂಚಿನಲ್ಲಿದ್ದು, ಆಧುನಿಕ ಕಲೆಯಲ್ಲಿ ನಡುವಿಗೆ ಬಂದರು ಎಂದು ಹೇಳಿಬಿಡುವುದು ಸುಲಭ. ಆದರೆ ಚಿತ್ರದೊಳಗಿನ ಜಾಗವೊಂದರಿಂದಲೇ ಅಂತಸ್ತನ್ನು ಅಳೆಯಲಾಗದು. ಚಿತ್ರ ಬರೆಸಿದವರು ಯಾರು, ಅದು ಯಾರ ಮುಂದೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನೂ ಕೇಳಬೇಕು.

ಸಿದ್ದಿಪೇಟೆ ಜಿಲ್ಲೆಯ ಚೇರಿಯಾಲದ ನಕಾಶಿ ಮನೆತನಗಳು ಬರೆದ ಪಟಗಳು ಇದಕ್ಕೆ ಗಟ್ಟಿಯಾದ ಆಧಾರ. ಖಾದಿ ಬಟ್ಟೆಗೆ ಗಂಜಿ, ಬಿಳಿಮಣ್ಣು, ಹುಣಸೆಬೀಜದ ಅಂಟು ಬಳಿದು, ಕೆಂಪು ನೆಲದ ಮೇಲೆ ಕಥೆಯನ್ನು ಸಾಲುಸಾಲಾಗಿ ಬರೆಯುತ್ತಿದ್ದರು. ಪದ್ಮಶಾಲಿ ನೇಕಾರರಿಗೆ ಮಾರ್ಕಂಡೇಯ ಪುರಾಣವನ್ನು ಕೂನಪುಲಿಗಳೂ, ಮಾದಿಗರಿಗೆ ಜಾಂಬ ಪುರಾಣವನ್ನು ದಕ್ಕಲಿಗರೂ ಪಟ ಬಿಚ್ಚಿ ಹಾಡುತ್ತಾ ಹೇಳುತ್ತಿದ್ದರು. ನೇಕಾರರ ಪಟದಲ್ಲಿ ಅವರ ಮೂಲಪುರುಷ ಭಾವನಾಋಷಿ ದೇವತೆಗಳಿಗೇ ಬಟ್ಟೆ ನೇಯುತ್ತಾನೆ. ಇವು ಕಟ್ಟುನಿಟ್ಟಾದ ಅರ್ಥದಲ್ಲಿ ಭಾವಚಿತ್ರಗಳಲ್ಲ; ಒಬ್ಬ ವ್ಯಕ್ತಿಯ ಹೋಲಿಕೆ ಇಲ್ಲಿ ಮುಖ್ಯವೂ ಅಲ್ಲ. ಆದರೂ ಒಂದು ಕಸುಬಿನ ಜನ ತಮ್ಮನ್ನು ಜಗತ್ತು ಹೇಗೆ ಕಾಣಬೇಕೆಂದು ತಾವೇ ತೀರ್ಮಾನಿಸಿದ್ದು ಇಲ್ಲೇ. ಊರಿನ ಶ್ರೇಣಿಯಲ್ಲಿ ಸಿಗದ ಹಿರಿಮೆಯನ್ನು ಕುಲಕಥೆಯಲ್ಲಿ ದಕ್ಕಿಸಿಕೊಂಡರು. ದರ್ಬಾರಿನ ಯಾವ ಚಿತ್ರದಲ್ಲೂ ಆಳಿಗೆ ಈ ಅಧಿಕಾರ ಇರಲಿಲ್ಲ.

ಇದರ ಪಕ್ಕದಲ್ಲಿ ತೋಟ ವೈಕುಂಠಂ ಅವರ ಕೃತಿಗಳನ್ನಿಟ್ಟು ನೋಡಬೇಕು. 1942ರಲ್ಲಿ ಕರೀಂನಗರ ಸೀಮೆಯ ಬೂರುಗುಪಲ್ಲಿಯಲ್ಲಿ ಹುಟ್ಟಿ, ಹೈದರಾಬಾದಿನಲ್ಲೂ ಬರೋಡಾದಲ್ಲೂ ಓದಿದ ಅವರು ತೆಲಂಗಾಣದ ಹಳ್ಳಿಯ ಹೆಂಗಸರನ್ನು ಕ್ಯಾನ್ವಾಸ್ ತುಂಬ ಕೂರಿಸಿದರು. ಅಗಲ ಕುಂಕುಮ, ಕೈತುಂಬ ಬಳೆ, ಗಾಢ ಕೆಂಪು ಸೀರೆ: ಗೌರವಕ್ಕೆ ಇಲ್ಲಿ ಕೊರತೆಯಿಲ್ಲ. ಆದರೆ ಈ ಕೈಗಳಲ್ಲಿ ಕುಡುಗೋಲು ಕಾಣುವುದು ಅಪರೂಪ. ಬಿ. ನರಸಿಂಗರಾವ್ ಅವರ 'ದಾಸಿ' (1988) ಸಿನಿಮಾದ ಕಲಾನಿರ್ದೇಶನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದವರೂ ಇದೇ ವೈಕುಂಠಂ. ಜಮೀನ್ದಾರ ದೊರೆಯ ವಾಡೆಯಲ್ಲಿ ಜೀತಕ್ಕೆ ಬಿದ್ದ ಹೆಣ್ಣಿನ ಕಥೆ ಅದು. ಆ ವಾಡೆಯ ಒಳಗನ್ನು ಅಷ್ಟು ಚೆನ್ನಾಗಿ ಬಲ್ಲ ಕಲಾವಿದ ಕ್ಯಾನ್ವಾಸಿನಲ್ಲಿ ದುಡಿಮೆಯ ದಣಿವನ್ನು ಹೊರಗಿಟ್ಟದ್ದು ಅರಿವಿಲ್ಲದೆ ಅಲ್ಲ. ಹೆಣ್ಣಿನ ಘನತೆಗೆ ಅವರು ಆರಿಸಿಕೊಂಡ ದಾರಿ ಅದು. ಹಾಗಿದ್ದೂ ಆ ಚಿತ್ರ ಸೇರುವುದು ಅವಳ ಮನೆಯನ್ನಲ್ಲ, ನಗರದ ಗ್ಯಾಲರಿಯನ್ನು.

ನಲ್ಗೊಂಡ ಸೀಮೆಯಿಂದ ಬಂದ ಕಲಾವಿದ ಲಕ್ಷ್ಮಣ್ ಏಲೆ ಬೇರೆಯೇ ದಾರಿ ಹಿಡಿದರು. ಅವರ ಹಳ್ಳಿಗರಿಗೆ ಒಬ್ಬೊಬ್ಬರದೇ ಮುಖವಿದೆ, ಸುಕ್ಕು ಇದೆ. ಕಸುಬಿನ ಗುರುತಿಗಿಂತ ಮುಂಚೆ ಮನುಷ್ಯನೇ ಕಣ್ಣಿಗೆ ಬೀಳುವುದನ್ನು ನಾನು ದೊಡ್ಡ ಸಾಧನೆಯೆಂದು ಎಣಿಸುತ್ತೇನೆ.

ಈ ನಡುವೆ ಚೇರಿಯಾಲದ ಪಟವೂ ಒಡೆಯರನ್ನು ಬದಲಿಸಿದೆ. ಹಾಡಿ ಹೇಳುವವರು ಕಡಿಮೆಯಾದಂತೆ ನಕಾಶಿಗಳು ಉದ್ದನೆಯ ಪಟ ಬಿಟ್ಟು, ಕರಕುಶಲ ಮಳಿಗೆಗೆ ಒಗ್ಗುವ ಸಣ್ಣ ಚೌಕಟ್ಟು, ಮುಖವಾಡಗಳನ್ನು ಮಾಡುತ್ತಿದ್ದಾರೆ. ಹೊಸ ಚಿತ್ರಗಳಲ್ಲಿ ನೇಕಾರ ಈಗಲೂ ಮಗ್ಗದ ಮುಂದೆ ಕೂತಿದ್ದಾನೆ. ದೇವತೆಗಳಿಗೆ ಬಟ್ಟೆ ಕೊಟ್ಟ ಕುಲದವನಾಗಿ ಅಲ್ಲ, 'ಹಳ್ಳಿಯ ಬದುಕು' ಎಂಬ ದೃಶ್ಯದ ಭಾಗವಾಗಿ. ಅದಕ್ಕೆ ಬೆಲೆ ಕಟ್ಟುವವರು ಪದ್ಮಶಾಲಿಗಳಲ್ಲ.