ಚಪ್ಪಲ್ ಎಲ್ಲಿ ಬಿಡ್ಲಿ? ಬಿಜಾಪುರದ ಬಜಾರಿನಿಂದ ಸಿಂದಗಿಯ ಗಾಜಿನ ಬಾಗಿಲವರೆಗೆ

ಇವತ್ತಿನ ಎಪಿಸೋಡನ್ನು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಪ್ರಶ್ನೆ ನನ್ನದಲ್ಲ. ನಮ್ಮ ಅಂಗಡಿಗೆ ಇಪ್ಪತ್ತು ವರ್ಷದಿಂದ ಬರ್ತಿರೋ ಒಬ್ಬ ಅಜ್ಜಿಯದ್ದು. ಕಳೆದ ವರ್ಷ ಪಂಚಮಿ ಮುಂದೆ ಅವರು ನಮ್ಮ ಹೊಸ ಗಾಜಿನ ಬಾಗಿಲ ಹೊರಗೆ ನಿಂತು ಕೇಳಿದ್ರು: "ತಮ್ಮಾ, ಚಪ್ಪಲ್ ಎಲ್ಲಿ ಬಿಡ್ಲಿ?"

ಸಿಂದಗಿಯಲ್ಲಿ ನಮ್ಮಪ್ಪನದು ಸಣ್ಣ ಬಟ್ಟೆ ಅಂಗಡಿ. ಬಿ.ಕಾಂ. ಮುಗಿಸಿ, ಬೆಂಗಳೂರಲ್ಲಿ ಆರು ವಾರದ ವಿಷುಯಲ್ ಮರ್ಚಂಡೈಸಿಂಗ್ ಕೋರ್ಸ್ ಮಾಡಿ ಬಂದ ನನಗೆ ಅದು ಗೋದಾಮಿನ ಹಾಗೆ ಕಾಣ್ತಿತ್ತು. ಸರಕನ್ನು ಎಲ್ಲಿ, ಯಾವ ಎತ್ತರದಲ್ಲಿ, ಯಾವ ಬೆಳಕಲ್ಲಿ ಇಟ್ಟರೆ ಗಿರಾಕಿ ನಿಂತು ನೋಡ್ತಾರೆ ಅನ್ನೋ ವಿದ್ಯೆಗೆ ಆ ದೊಡ್ಡ ಹೆಸರು. ಸಾಲ ಮಾಡಿ ಹಳೇ ಗಾದಿ ತೆಗೆಸಿದೆ. ಟೈಲ್ಸ್, ಗಾಜು, ಲೈಟು, ಎರಡು ಬೊಂಬೆ ತಂದೆ. ಆ ಪಂಚಮಿಗೆ ಸೀರೆ ವ್ಯಾಪಾರ ಬಿದ್ದೇ ಹೋಯ್ತು. ಅಪ್ಪ ಬೈಲಿಲ್ಲ. ಲೆಕ್ಕದ ಪುಸ್ತಕ ನನ್ನ ಮುಂದಿಟ್ಟು ಸುಮ್ಮನೆ ಕೂತ್ರು. ಬೈದಿದ್ರೇ ಚೆನ್ನಾಗಿತ್ತು.

ಎಲ್ಲಿ ತಪ್ಪಿದೆ ಅಂತ ಹುಡುಕ್ತಾ ನಾನು ಇತಿಹಾಸಕ್ಕೆ ಬಂದೆ.

ನಮ್ಮ ಕೋರ್ಸಿನ ಮೊದಲ ಸ್ಲೈಡು ಅಮೆರಿಕದ್ದು. 1897ರಲ್ಲಿ ಷಿಕಾಗೋದಲ್ಲಿ ಎಲ್. ಫ್ರಾಂಕ್ ಬಾಮ್ ಅನ್ನೋರು ಅಂಗಡಿ ಕಿಟಕಿ ಸಿಂಗರಿಸೋ ಕಲೆಗಂತಲೇ 'ದ ಷೋ ವಿಂಡೋ' ಅನ್ನೋ ಪತ್ರಿಕೆ ಶುರು ಮಾಡಿದ್ರು. 1900ರಲ್ಲಿ ಅದೇ ವಿಷಯದ ಪುಸ್ತಕವನ್ನೂ ತಂದ್ರು. ಅದೇ ವರ್ಷ ಬಂದ ಅವರ ಮಕ್ಕಳ ಕಥೆ 'ದ ವಂಡರ್‌ಫುಲ್ ವಿಜರ್ಡ್ ಆಫ್ ಓಜ್' ಲೋಕಪ್ರಸಿದ್ಧ ಆಯ್ತು. ಎರಡನೇ ಸ್ಲೈಡು ಲಂಡನ್ನಿನದು, 1909ರಲ್ಲಿ ಬಾಗಿಲು ತೆಗೆದ ಸೆಲ್ಫ್ರಿಜಸ್. ಅಂದ್ರೆ ಈ ವಿದ್ಯೆ ಹುಟ್ಟಿದ್ದೇ ಗಾಜಿನ ಜೊತೆ ಅಂತ ನಾನು ನಂಬಿದ್ದೆ.

ಆದರೆ ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದೆ, ನಮ್ಮ ಜಿಲ್ಲೆಯಲ್ಲೇ ಒಬ್ಬ ಪರಊರಿನವ ಅಂಗಡಿ ಜೋಡಣೆ ನೋಡಿ ಬೆರಗಾಗಿದ್ದ. ಹಿನ್ನೆಲೆ ಸ್ವಲ್ಪ ಹೇಳ್ತೀನಿ. 1565ರ ರಕ್ಕಸತಂಗಡಿ ಯುದ್ಧ ಗೊತ್ತಲ್ಲ? ಆ ತಂಗಡಗಿ ನಮ್ಮ ಮುದ್ದೇಬಿಹಾಳದ ಕಡೆಯದೇ. ವಿಜಯನಗರದ ಬಜಾರು ಹಾಳಾಯ್ತು, ಆದಿಲ್‌ಶಾಹಿಗಳ ಬಿಜಾಪುರ ಬೆಳೀತು. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲಕ್ಕೆ, 1603-04ರಲ್ಲಿ, ಅಕ್ಬರನ ರಾಯಭಾರಿ ಅಸದ್ ಬೇಗ್ ಇಲ್ಲಿಗೆ ಬಂದ. ಅಕ್ಬರನಿಗೆ ತಂಬಾಕು ತೋರಿಸಿದವನು ಅಂತ ಇವನ ಹೆಸರು ಕೇಳಿರ್ತೀರಿ. ಆ ತಂಬಾಕು ಅವನಿಗೆ ಸಿಕ್ಕಿದ್ದೂ ಬಿಜಾಪುರದಲ್ಲೇ.

ಈತ ಪಾರ್ಸಿಯಲ್ಲಿ ಬರೆದಿಟ್ಟ ವಿವರದಲ್ಲಿ ಒಂದು ಬಜಾರು ಬರುತ್ತೆ. ಮೂವತ್ತು ಗಜ ಅಗಲ, ಎರಡು ಕೋಸು ಉದ್ದ. ಪ್ರತಿ ಅಂಗಡಿ ಮುಂದೆ ಒಂದು ಹಸಿರು ಮರ. ರಸ್ತೆ ಸ್ವಚ್ಛ. ಏನೇನು ಮಾರ್ತಿದ್ರು ಅನ್ನೋದರ ಜೊತೆಗೆ, ಹೇಗೆ ಇಟ್ಟಿದ್ರು ಅನ್ನೋದನ್ನೂ ಅವನು ಬರೀತಾನೆ. ಜವಾಹಿರಿ ಅಂಗಡಿಯಲ್ಲಿ ರತ್ನ ಕೂರಿಸಿದ ಗಿಳಿ, ನವಿಲು, ಕಠಾರಿ, ಕನ್ನಡಿ, ಎಲ್ಲವೂ ಒಂದರ ಮೇಲೊಂದು ಏರೋ ಹಲಗೆಗಳ ಮೇಲೆ. ಪಕ್ಕದ ರೊಟ್ಟಿ ಅಂಗಡಿಯಲ್ಲೂ ಹಾಗೇ. ಬಟ್ಟೆ ಅಂಗಡಿಯಲ್ಲೂ ಹಾಗೇ. ಮದ್ಯದ ಅಂಗಡಿಯಲ್ಲಿ ಸ್ಫಟಿಕದ ಸೀಸೆ, ಪಿಂಗಾಣಿ ಪಾತ್ರೆ ಹಲಗೆ ಮೇಲೆ, ದೊಡ್ಡ ಜಾಡಿಗಳು ಮುಂದೆ.

ಇದನ್ನು ಓದಿದಾಗ ನನಗೆ ಕೋರ್ಸಿನ ನೋಟ್ಸ್ ನೆನಪಾಯ್ತು. ಮೆಟ್ಟಿಲ ಹಾಗೆ ಏರಿಸಿಟ್ಟರೆ ಹಿಂದಿನ ಸರಕು ಮುಂದಿನದರ ಮರೆಗೆ ಹೋಗಲ್ಲ. ಭಾರದ್ದು ಕೆಳಗೆ, ಬೆಲೆಬಾಳೋದು ಕಣ್ಣಿನ ಎತ್ತರಕ್ಕೆ. ನಾನು ಫೀಸ್ ಕಟ್ಟಿ ಕಲಿತದ್ದು ಇದನ್ನೇ! ಆದರೆ ನನ್ನ ನೋಟ್ಸಿನಲ್ಲಿ ಇಲ್ಲದ್ದು ಒಂದಿತ್ತು: ಆ ಮರ. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ. ಅಂಗಡಿ ಮುಂದೆ ನೆರಳಿದ್ರೆ ಮನುಷ್ಯ ನಿಲ್ತಾನೆ. ನಿಂತವನು ನೋಡ್ತಾನೆ. ಸರಕನ್ನು ಸಿಂಗರಿಸೋದು ಅರ್ಧ ಕೆಲಸ, ನೋಡೋರಿಗೆ ನಿಲ್ಲೋಕೆ ಜಾಗ ಕೊಡೋದು ಇನ್ನರ್ಧ.

ಆ ಬಜಾರಿನಿಂದ ನಮ್ಮಪ್ಪನ ಅಂಗಡಿಗೆ ನೇರ ದಾರಿ ಇದೆ ಅಂತ ನಾನು ಹೇಳ್ತಿಲ್ಲ. 1686ರಲ್ಲಿ ಔರಂಗಜೇಬ ಬಿಜಾಪುರ ಗೆದ್ದ, ಆದಿಲ್‌ಶಾಹಿ ಆಳ್ವಿಕೆ ಮುಗೀತು. ಆದರೆ ಆ ಮರ ನೆನೆಸಿಕೊಂಡು ನಮ್ಮ ಹಳೇ ಗಾದಿ ನೋಡಿದ್ರೆ, ಅದೂ ಅದೇ ಕೆಲಸ ಮಾಡ್ತಿತ್ತು. ಚಪ್ಪಲಿ ಕೆಳಗೆ ಬಿಟ್ಟು, ಗಾದಿ ಏರಿ ಕೂತ್ರೆ ಗಿರಾಕಿ ಅರ್ಧ ಮನೆಯವರಾದ ಹಾಗೆ. ಅಪ್ಪ ಇಳಕಲ್ ಸೀರೆ ತೆಗೆದ್ರೆ ಮೊದಲು ಬಿಚ್ಚೋದು ಸೆರಗು. ಯಾಕೆ? ಇಳಕಲ್ಲಿನ ಒಡಲು ಹತ್ತಿಯದ್ದಾದ್ರೂ ಸೆರಗು ರೇಷ್ಮೆಯದು, ಎರಡನ್ನೂ ಮಗ್ಗದಲ್ಲೇ ಕೊಂಡಿ ಹಾಕಿ ಕೂಡಿಸ್ತಾರೆ. ಕೆಂಪು ಸೆರಗಿನ ಮೇಲಿನ ಬಿಳಿ ಟೋಪ್ ತೆನಿಯೇ ಅದರ ಗುರುತು. ಜೊತೆಗೆ ಗುಳೇದಗುಡ್ಡದ ಖಣ ಇಟ್ಟು ತೋರಿಸೋದು. ನಾನೇನು ಮಾಡಿದ್ದೆ? ಸೀರೆ ಮಡಚಿ ರ‍್ಯಾಕಿಗೆ ಸೇರಿಸಿದ್ದೆ, ಬೊಂಬೆಗೆ ಉಡಿಸಿ ಸೆರಗನ್ನು ಬೆನ್ನ ಹಿಂದೆ ಬಿಟ್ಟಿದ್ದೆ. ರಸ್ತೆಯಲ್ಲಿ ಹೋಗೋರಿಗೆ ಇಳಕಲ್ಲಿನ ಇಳಕಲ್ಲುತನವೇ ಕಾಣ್ತಿರಲಿಲ್ಲ.

ಆ ಅಜ್ಜಿಯನ್ನು ಆಮೇಲೆ ಸಂತೆಯಲ್ಲಿ ಕಂಡು, ಯಾಕಜ್ಜಿ ಒಳಗೆ ಬರಲಿಲ್ಲ ಅಂತ ಕೇಳಿದೆ. "ನೆಲ ಹೊಳೀತಿತ್ತಪ್ಪ. ನಮ್ಮಂಥವರ ಅಂಗಡಿ ಅಲ್ಲೇನೋ ಅಂದ್ಕೊಂಡೆ" ಅಂದ್ರು.

ಈಗ ಅರ್ಧ ಅಂಗಡಿಗೆ ಗಾದಿ ವಾಪಸ್ ಬಂದಿದೆ. ಲೈಟು ಉಳಿಸಿದ್ದೀನಿ, ಆದರೆ ಅದು ಬೀಳೋದು ಸೆರಗಿನ ಮೇಲೆ. ಬಾಗಿಲು ದಿನವಿಡೀ ತೆರೆದೇ ಇರುತ್ತೆ, ಹೊರಗೆ ನೆರಳಿಗೆ ಒಂದು ತಗಡಿನ ಚಪ್ಪರ, ಕೆಳಗೆ ಬೆಂಚು. ಸಾಲ ಇನ್ನೂ ತೀರಿಲ್ಲ. ಆದರೆ ಅಜ್ಜಿ ಈ ಪಂಚಮಿಗೆ ಮೊಮ್ಮಗಳನ್ನೂ ಕರ್ಕೊಂಡು ಬಂದಿದ್ರು.

ನಿಮಗೊಂದು ಕೆಲಸ. ಇಂಡಿ ಸಂತೆಯಲ್ಲಿ ಲಿಂಬೆಹಣ್ಣಿನ ಗುಂಪಿ, ಬಸವನ ಬಾಗೇವಾಡಿ ಜಾತ್ರೆಯಲ್ಲಿ ಗೋಪುರದ ಹಾಗೆ ಏರಿಸಿದ ಕುಂಕುಮ ಕಂಡ್ರೆ ಫೋಟೋ ತೆಗೆಯೋ ಮುಂಚೆ ಒಂದು ನಿಮಿಷ ನಿಂತು ನೋಡಿ. ಅದನ್ನು ಜೋಡಿಸಿದವರು ಯಾರನ್ನು ಕರೀತಿದ್ದಾರೆ ಅಂತ ಕೇಳ್ಕೊಳ್ಳಿ. ಮುಂದಿನ ಎಪಿಸೋಡಲ್ಲಿ ಸಿಗೋಣ.